ಚಿತ್ರದಲ್ಲಿ ಏನೂ ಇಲ್ಲ

ಹಿಂಬಾಗಿಲ ಮೆಟ್ಟಿಲಿನಿಂದ,
ಒಂಬತ್ತನೇ ತಾರೀಖು, ಶನಿವಾರ ಮಧ್ಯಾಹ್ನ.

ನನ್ನ ಮುದ್ದು ಬುಡ್ಡಿಗೆ ಅಜ್ಜಿ ಮಾಡುವ ಆಶೀರ್ವಾದ.

ಕೆಮ್ಮು ಹೇಗಿದೆ? ಹೋದ ವಾರ ಫೋನಿನಲ್ಲಿ ನೀನು ಮಾತಾಡಿದ್ದಕ್ಕಿಂತ ಕೆಮ್ಮಿದ್ದೇ ಹೆಚ್ಚು. ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಕಲಿಯುವ ಹುಡುಗಿಗೆ ಒಂದು ಚಮಚ ಔಷಧಿ ಕೊಡುವವರೂ ಇಲ್ಲವಾ ಎಂದು ನಿಮ್ಮಮ್ಮ ಗೊಣಗಿದಳು. ಅವಳು ಔಷಧಿ ಕೊಡುವ ಕಡೆ ಇಲ್ಲ ಕಣೇ, ಸ್ಕ್ಯಾನ್ ತೆಗೆಯುವ ಕಡೆ ಇದ್ದಾಳೆ, ಕೆಮ್ಮಿದರೆ ಅವಳ ಎದೆಯದೂ ಒಂದು ಚಿತ್ರ ತೆಗೆದು ಕೈಗೆ ಕೊಟ್ಟು ಕಳಿಸುತ್ತಾರೆ ಎಂದೆ. ಆ ಮೆಷಿನಿನ ಕೋಣೆಯನ್ನು ಸದಾ ತಣ್ಣಗೆ ಇಟ್ಟಿರುತ್ತಾರೆ ಎಂದು ನೀನೇ ಹೇಳಿದ್ದೆ. ಹಾಗಿದ್ದ ಮೇಲೆ ನಾನು ಹೆಣೆದುಕೊಟ್ಟ ಸ್ವೆಟರ್ ಹಾಕಿಕೊಳ್ಳುವುದಕ್ಕೆ ಏನು ದಾಡಿ? ಬಣ್ಣ ಚೆನ್ನಾಗಿಲ್ಲ ಅನ್ನುವುದು ನನಗೂ ಗೊತ್ತು. ಉಳಿದ ಉಣ್ಣೆ ಅದು. ಮೆಷಿನಿಗೆ ಬಣ್ಣ ಕಾಣುವುದಿಲ್ಲ, ಹಾಕಿಕೋ. ನನ್ನ ಆರೋಗ್ಯ ಕೇಳಬೇಡ, ಕೇಳಿದರೆ ಹೇಳುತ್ತಾ ಹೋಗುತ್ತೇನೆ, ಕಾಗದ ಸಾಲುವುದಿಲ್ಲ. ಮಂಡಿ ಮಂಡಿಯ ಪಾಡಿಗಿದೆ, ನಾನು ನನ್ನ ಪಾಡಿಗಿದ್ದೇನೆ, ಮೆಟ್ಟಿಲು ಹತ್ತುವಾಗ ಮಾತ್ರ ಇಬ್ಬರಿಗೂ ಜಗಳ. ನಿಮ್ಮಮ್ಮ ಮೊದಲಿನಂತೆಯೇ ಕಾರ್ಖಾನೆಯ ಪ್ಯಾಕಿಂಗ್ ಕಡೆ ಹೋಗುತ್ತಾಳೆ, ಗಾಜಿನ ಸಾಮಾನಿಗೆ ಹುಲ್ಲು ಸುತ್ತಿ ಪೆಟ್ಟಿಗೆಗೆ ತುಂಬುತ್ತಾಳೆ, ಮನೆಗೆ ಬಂದು ತಲೆಗೂದಲಿನಿಂದ ಹುಲ್ಲು ಆರಿಸಿಕೊಳ್ಳುತ್ತಾ ಅಳುತ್ತಾಳೆ. ಹುಲ್ಲು ಕಣ್ಣಿಗೆ ಬಿತ್ತು ಅನ್ನುತ್ತಾಳೆ. ಅಷ್ಟು ಹುಲ್ಲು ಕಣ್ಣಿಗೆ ಬಿದ್ದಿದ್ದರೆ ಇಷ್ಟು ಹೊತ್ತಿಗೆ ಒಂದು ಎಮ್ಮೆ ಸಾಕಬಹುದಿತ್ತು.

ಅಜ್ಜಿ ಯಾಕೆ ಫೋನ್ ಬಿಟ್ಟು ಕಾಗದ ಹಿಡಿದಳು ಎಂದು ನೀನು ಕೇಳುತ್ತೀಯ. ಈ ಮನೆಯಲ್ಲಿ ಫೋನ್ ನಿಮ್ಮಪ್ಪನದು. ಅದು ಸದ್ದು ಮಾಡಿದರೆ ಮೊದಲು ಎದ್ದು ಹೋಗುವವನು ಅವನು, ಮಾತು ಮುಗಿದ ಮೇಲೂ ಅದನ್ನು ಕೈಯಲ್ಲೇ ಹಿಡಿದುಕೊಂಡು ಕೂರುವವನು ಅವನು. ನಿನ್ನ ಮುಖ ಕಾಣುವ ಫೋನ್ ಬಂದರೆ ಅವನು ಏನು ಮಾಡುತ್ತಾನೆ ಎಂದು ನಿನಗೆ ಗೊತ್ತಿಲ್ಲ. ಕುರ್ಚಿಯನ್ನು ಎತ್ತಿ ತಿರುಗಿಸಿ ಇಟ್ಟುಕೊಳ್ಳುತ್ತಾನೆ, ಬಲಗೆನ್ನೆ ನಿನ್ನ ಕಡೆಗೆ, ಎಡಗೆನ್ನೆ ಗೋಡೆಯ ಕಡೆಗೆ. ಅಪ್ಪ ಯಾಕೆ ಯಾವಾಗಲೂ ಕಿಟಕಿ ನೋಡುತ್ತಾ ಮಾತಾಡುತ್ತಾರೆ ಎಂದು ನೀನು ಒಂದು ಸಲ ಕೇಳಿದೆಯಲ್ಲ, ಆ ಕಿಟಕಿಯಾಚೆ ಪಕ್ಕದ ಮನೆಯ ನೀರಿನ ಪೈಪು ಬಿಟ್ಟರೆ ಬೇರೇನೂ ಇಲ್ಲ. ಕಾಯಿಲೆ ಬಿದ್ದ ಮೊದಲ ವಾರದಲ್ಲಿ ನೀನು ಬಂದು ನೋಡಿ ಹೋದೆಯಲ್ಲ, ಆಗ ಹೇಗಿತ್ತೋ ಆ ಮುಖ ಇವತ್ತೂ ಹಾಗೆಯೇ ಇದೆ. ಎಡಗಡೆ ಹಣೆಯಲ್ಲಿ ಒಂದು ಗೆರೆಯಿಲ್ಲ, ಬಾಯಿಯ ಮೂಲೆ ಜಾರಿದೆ, ಕಣ್ಣು ಮುಚ್ಚುವುದಿಲ್ಲ. ಚಹಾ ಕುಡಿದರೆ ಎದೆಯ ಮೇಲೆ ಸುರಿಯುತ್ತದೆ. ಹಾಗಾಗಿ ನಮ್ಮ ಮುಂದೆ ಚಹಾ ಕುಡಿಯುವುದನ್ನೇ ಬಿಟ್ಟಿದ್ದಾನೆ, ಸೇರುವುದಿಲ್ಲ ಅನ್ನುತ್ತಾನೆ.

ನೀನು ಬಂದಾಗ ಎಲ್ಲರೂ ಒಟ್ಟಿಗೆ ಬಾಯಿ ಹಾಕಿ ನಿನಗೆ ಯಾವ ಮಾತೂ ಪೂರ್ತಿ ತಲುಪಲಿಲ್ಲ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ, ಗೊತ್ತಿರುವ ಭಾಗ ಬಂದರೆ ಹಾರಿಸಿಕೊಂಡು ಓದು. ನಮ್ಮ ಗಾಜಿನ ಕಾರ್ಖಾನೆಯವರನ್ನು ಬೀದಿಯಲ್ಲಿ ಯಾರೂ ಹೆಸರು ಕೇಳಿ ಗುರುತಿಸಬೇಕಿಲ್ಲ. ಊದುವವರೆಲ್ಲರ ಎಡಗೆನ್ನೆ ಬಲಗೆನ್ನೆಗಿಂತ ಕಪ್ಪು. ಭಟ್ಟಿಯ ಬಾಯಿಗೆ ಎಡಮೈ ಕೊಟ್ಟು ನಿಲ್ಲುತ್ತಾರೆ, ಕರಗಿದ ಗಾಜನ್ನು ಊದುಗೊಳವೆಯ ತುದಿಗೆ ಸುತ್ತಿಕೊಳ್ಳುತ್ತಾರೆ, ತಿರುಗಿಸುತ್ತಾ ಊದುತ್ತಾರೆ. ಅವರ ಎಡಕಿವಿಯ ಮೇಲೆ ಗುಳ್ಳೆ ಏಳುವುದು, ಒಡೆಯುವುದು, ಸಿಪ್ಪೆ ಉದುರುವುದು, ಇದನ್ನು ಅಲ್ಲಿ ಗಾಯ ಎಂದೇ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಭಟ್ಟಿ ಮುತ್ತು ಕೊಟ್ಟಿದೆ ಅನ್ನುತ್ತಾರೆ. ಕಂಬಕ್ಕೆ ಒಂದು ಡಬ್ಬಿ ನೇತು ಹಾಕಿದ್ದಾರೆ, ಅದರೊಳಗಿನ ಹಳದಿ ಮುಲಾಮು ಸವರಿಕೊಂಡು ಮತ್ತೆ ಊದುತ್ತಾರೆ. ಹೆಂಡತಿ ಕೊಡದಿದ್ದರೂ ಭಟ್ಟಿಯಾದರೂ ಕೊಡುತ್ತದಲ್ಲ ಎಂದು ಹೊಸದಾಗಿ ಮದುವೆಯಾದವರನ್ನು ಕಿಚಾಯಿಸುತ್ತಾರೆ.

ಹಾಗಾಗಿ ನಿಮ್ಮಪ್ಪನ ಎಡಕಿವಿಯಲ್ಲಿ ಗುಳ್ಳೆ ಎದ್ದಾಗ ಯಾರಿಗೂ ಏನೂ ಅನ್ನಿಸಲಿಲ್ಲ. ಆ ಸಲ ಗುಳ್ಳೆ ಅಂಚಿನಲ್ಲಿರಲಿಲ್ಲ, ಕಿವಿಯ ತೂತಿನ ಹತ್ತಿರ ಗೊಂಚಲಾಗಿ ಎದ್ದಿತ್ತು, ಅಷ್ಟೇ ವ್ಯತ್ಯಾಸ. ಅವನ ಪಕ್ಕದಲ್ಲಿ ನಿಂತು ಊದುವ ಉದ್ದಣ್ಣ ಗೊತ್ತಲ್ಲ, ನಮ್ಮ ಬಾಗಿಲಿಗೆ ತಲೆ ತಗಲಿಸದೆ ಒಂದು ಸಲವೂ ಒಳಗೆ ಬರದವನು, ಅವನು ಇಣುಕಿ ನೋಡಿ, "ಈ ಸಲ ಭಟ್ಟಿ ಕಿವಿಯೊಳಗೇ ಬಾಯಿಟ್ಟಿದೆ ಕಣಯ್ಯ, ಏನೋ ಗುಟ್ಟು ಹೇಳಿರ್ಬೇಕು" ಅಂದನಂತೆ. ತಾನೇ ಬೆರಳಿನಲ್ಲಿ ಮುಲಾಮು ತೆಗೆದು ಒತ್ತಿ ಒತ್ತಿ ತುಂಬಿದನಂತೆ. ಕಿವಿಯೊಳಗೆ ಸೂಜಿ ಆಡಿಸಿದ ಹಾಗೆ ನೋಯುತ್ತಿದೆ ಎಂದು ನಿಮ್ಮಪ್ಪ ಹೇಳಿದಾಗ, ಒಳಗಿನ ಸುಟ್ಟಗಾಯ ಹಾಗೇ ನೋಯುವುದು ಎಂದು ಎಲ್ಲರೂ ಅಂದರು. ಆ ನೋವಿನಲ್ಲೇ ಅವನು ಕೆಲಸಕ್ಕೆ ಹೋದ, ಬಂದ, ದಿನಾ ಮುಲಾಮು ಹಚ್ಚಿಸಿಕೊಂಡ. ಬೇರೆ ಯಾವ ಕೆಲಸದವನಾಗಿದ್ದರೂ, ಒಬ್ಬ ಗುಮಾಸ್ತ, ಒಬ್ಬ ಬಸ್ಸಿನ ಡ್ರೈವರ್ ಆಗಿದ್ದರೂ, ಕಿವಿಯಲ್ಲಿ ಇದೇನು ಬಂತು ಎಂದು ಹೆದರಿ ಮಾರನೇ ದಿನ ಡಾಕ್ಟರ ಹತ್ತಿರ ಓಡುತ್ತಿದ್ದ. ಗಾಜು ಊದುವವನು ಗುಳ್ಳೆಗೆ ಹೆದರುತ್ತಾನಾ.

ಆಮೇಲೊಂದು ದಿನ ಊದಲು ಹೋದರೆ ಗಾಳಿ ಕೊಳವೆಗೆ ಹೋಗದೆ ಬಾಯಿಯ ಮೂಲೆಯಿಂದ ಪುಸ್ ಎಂದು ಹೊರಗೆ ಬಂತು. ಪಕ್ಕದವರು ನಕ್ಕರು, ಇವನೂ ನಕ್ಕ. ನಕ್ಕಾಗ ಮುಖದ ಅರ್ಧ ಮಾತ್ರ ನಕ್ಕಿತು. ಆಗ ಉದ್ದಣ್ಣನ ನಗು ನಿಂತಿತು. ಲಕ್ವ ಹೊಡೆದಿದೆ ಎಂದು ಎತ್ತಿಕೊಂಡು ಆಸ್ಪತ್ರೆಗೆ ಹೋದರು. ಅಲ್ಲಿ ಒಬ್ಬ ಡಾಕ್ಟರು ತಲೆಯದೊಂದು ಚಿತ್ರ ತೆಗೆಸಿ, "ಮಿದುಳಲ್ಲಿ ಏನೂ ಇಲ್ಲಮ್ಮ" ಅಂದರು. ಅವನು ಹುಟ್ಟಿದಾಗಿನಿಂದ ನಾನು ಹೇಳುತ್ತಿರುವುದೂ ಅದನ್ನೇ ಅಂದೆ. ಅವರಿಗೆ ನಗು ಬರಲಿಲ್ಲ. ಕಿವಿಯ ಡಾಕ್ಟರ ಹತ್ತಿರ ಕಳಿಸಿದರು. ಅವರು ಹತ್ತಿಯಲ್ಲಿ ಹಳದಿ ಮುಲಾಮು ಒರೆಸಿದರು, ಒರೆಸಿದರು, ಒರೆಸುತ್ತಲೇ ಇದ್ದರು. ಒಳಗೆ ನೋಡಿದರೆ ಗುಳ್ಳೆಯೇ ಇಲ್ಲ, ಬರೀ ಒಣಗಿದ ಹಕ್ಕಳೆ. "ಇದು ಸುಟ್ಟ ಗಾಯಾನೋ, ಸರ್ಪಸುತ್ತೋ, ಒಳಗೆ ಗಡ್ಡೆ ಏನಾದ್ರೂ ನರಾನ ಒತ್ತುತ್ತಾ ಇದೆಯೋ, ಹೀಗೆ ನೋಡಿ ಹೇಳಕ್ಕಾಗಲ್ಲ. ದೊಡ್ಡ ಮೆಷಿನಲ್ಲಿ ಬಣ್ಣ ಹಾಕಿ ನೋಡಬೇಕು" ಅಂದರು. ಸರ್ಪಸುತ್ತು ಸೊಂಟಕ್ಕೆ ಬರುವುದನ್ನು ನಾನು ಕಂಡಿದ್ದೆ, ಕಿವಿಯೊಳಗೆ ಸುತ್ತಿಕೊಳ್ಳುವುದನ್ನು ಕೇಳಿಯೂ ಇರಲಿಲ್ಲ.

ಆ ದೊಡ್ಡ ಮೆಷಿನಿನ ಮುಂದೆ ನಡೆದದ್ದನ್ನು ನಿನಗೆ ಬರೆಯುವುದೆಂದರೆ ಅಡುಗೆಯವಳಿಗೆ ಒಲೆ ತೋರಿಸಿದ ಹಾಗೆ. ಆದರೂ ಬರೆಯುತ್ತೇನೆ, ಮೆಷಿನಿನ ಆಚೆ ಬೆಂಚಿನ ಮೇಲೆ ಕೂತವರ ಕಷ್ಟ ನಿಮಗೆ ಗೊತ್ತಿರುವುದಿಲ್ಲ. ಒಬ್ಬ ಹುಡುಗಿ, ನಿನ್ನ ವಯಸ್ಸಿನವಳೇ, ಬಂದು ಮೈಯಲ್ಲಿ ಎಲ್ಲಾದರೂ ಕಬ್ಬಿಣ ಇದೆಯಾ ಎಂದು ನಿಮ್ಮಪ್ಪನನ್ನು ಕೇಳಿದಳು. ಕಬ್ಬಿಣ ಇಲ್ಲ, ಗಾಜು ಬೇಕಾದಷ್ಟಿದೆ ಎಂದು ಅಂಗೈ ತೋರಿಸಿದ. ಪಾಪ, ಅವಳು ಒಳಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದಳು. ನನ್ನ ಓಲೆ ಬಿಚ್ಚಿ ಅಂದಳು. ಮಲಗುವವನು ಅವನು ಕಣಮ್ಮ, ನಾನಲ್ಲ ಅಂದೆ. ನಿಮ್ಮಪ್ಪ ನಿನ್ನ ಪಾಠವನ್ನು ಗಿಳಿಯ ಹಾಗೆ ಒಪ್ಪಿಸುತ್ತಿದ್ದ. ಅಲುಗಾಡಬಾರದು, ಸುತ್ತಿಗೆ ಹೊಡೆದ ಹಾಗೆ ಸದ್ದು ಬರುತ್ತದೆ ಹೆದರಬಾರದು, ನುಂಗಬೇಕು ಅನ್ನಿಸಿದರೂ ಸದ್ದು ನಿಲ್ಲುವವರೆಗೆ ತಡೆದುಕೊಳ್ಳಬೇಕು, ನಮ್ಮ ಬುಡ್ಡಿ ಹೇಳಿದ್ದಾಳೆ. ಎದುರು ಕೂತ ರೋಗಿಗಳಿಗೂ ಹೇಳಿಕೊಟ್ಟ. ಕೈಗೆ ಬಣ್ಣದ ಸೂಜಿ ಚುಚ್ಚಿ ಒಳಗೆ ತಳ್ಳಿದರು. ಹೊರಗೆ ಬಂದು ಹೇಳಿದ, ಸದ್ದು ಅಂದರೆ ಸದ್ದಮ್ಮ, ಆದರೆ ಎಡಕಿವಿಗೆ ಅರ್ಧವೂ ಕೇಳಲಿಲ್ಲ ಎಂದು. ಅದನ್ನೂ ಒಳ್ಳೆಯದು ಎಂಬಂತೆಯೇ ಹೇಳಿದ.

ಕಿವಿಯ ಡಾಕ್ಟರು ಒಳ್ಳೆಯವರು, ನನ್ನಂಥವಳಿಗೂ ತೆರೆಯ ಮೇಲೆ ತೋರಿಸಿದರು. ಒಂದು ತಲೆಯನ್ನು ಬ್ರೆಡ್ಡಿನ ಹಾಗೆ ಹೋಳು ಹೋಳಾಗಿ ಕೊಯ್ದು ಒಂದೊಂದಾಗಿ ತಿರುವುತ್ತಾ ಹೋದರು. ನಾನು ಹೆತ್ತ ತಲೆ ಅದು, ಒಳಗಿನಿಂದ ಕಂಡದ್ದು ಅವತ್ತೇ. ಕಿವಿಯ ಹಿಂದೆ ಮೂಳೆಯಲ್ಲಿ ಒಂದು ಸುರಂಗ, ಅದರೊಳಗೆ ಮುಖವನ್ನು ಆಡಿಸುವ ನರ. ಬಲಗಡೆಯ ನರ ಎಲ್ಲಿದೆ ಎಂದು ಹುಡುಕಬೇಕು. ಎಡಗಡೆಯದು ಹುಡುಕಬೇಕಾಗಿರಲಿಲ್ಲ. ಬೆಂಕಿಯಿಂದ ಆಗಷ್ಟೇ ಎಳೆದ ಗಾಜಿನ ಎಳೆಯ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಪಕ್ಕದಲ್ಲೇ ಕೇಳಿಸುವ ನರ, ಅದೂ ಮಂಕಾಗಿ ಹೊಳೆಯುತ್ತಿತ್ತು. "ಗಡ್ಡೆ ಇಲ್ಲ. ಇದು ಸರ್ಪಸುತ್ತಿನ ವೈರಸ್ಸು. ನರಕ್ಕೆ ಉರಿ ಹತ್ತಿದೆ, ಅದಕ್ಕೆ ಬಣ್ಣ ಹಿಡಿದುಕೊಂಡಿದೆ" ಅಂದರು. ಚಿಕ್ಕಂದಿನಲ್ಲಿ ಇವನಿಗೆ ಚಿಕನ್‌ಪಾಕ್ಸ್ ಬಂದಿತ್ತಾ ಎಂದು ಕೇಳಿದರು. ಇವನಿಗೇನು, ಇವನ ಶಾಲೆಗೇ ಬಂದಿತ್ತು, ಮೈತುಂಬಾ ಗುಳ್ಳೆ ಇಟ್ಟುಕೊಂಡು ಕಿಟಕಿಯಿಂದ ಇಳಿದು ಆಟಕ್ಕೆ ಓಡುತ್ತಿದ್ದ ಅಂದೆ. "ಅದು ಆವತ್ತಿಂದ ಹೋಗೇ ಇಲ್ಲಮ್ಮ, ನರದ ಬುಡದಲ್ಲಿ ಮಲಗಿತ್ತು, ಈಗ ಎದ್ದಿದೆ" ಅಂದರು. ಇಷ್ಟು ವರ್ಷ ಬಾಡಿಗೆಯಿಲ್ಲದೆ ಇದ್ದದ್ದಲ್ಲದೆ ಹೋಗುವಾಗ ಮನೆಗೆ ಬೆಂಕಿ ಬೇರೆ ಇಟ್ಟಿತು. ಔಷಧಿಯನ್ನು ಅವತ್ತೇ ಶುರು ಮಾಡಿದರು. ಗುಳ್ಳೆ ಎದ್ದ ಮೊದಲ ಎರಡು ಮೂರು ದಿನದಲ್ಲಿ ಕೊಟ್ಟಿದ್ದರೆ ಮಾತು ಬೇರೆ ಇತ್ತು ಎಂದು ನನ್ನನ್ನು ಬದಿಗೆ ಕರೆದು ಹೇಳಿದರು. ಉದ್ದಣ್ಣನಿಗೆ ಇದನ್ನು ನಾನು ಹೇಳಿಲ್ಲ. ನೀನೂ ಹೇಳಬೇಡ. ಅವನಿಗೆ ಹೇಗೋ ಗೊತ್ತಾಗಿದೆ, ಕಂಬದ ಮೇಲಿನ ಡಬ್ಬಿಯನ್ನು ತೆಗೆದು ಎಸೆದಿದ್ದಾನಂತೆ.

ಇದಾದ ಸ್ವಲ್ಪ ದಿನಕ್ಕೆ ಇನ್ನೊಂದು ಪರೀಕ್ಷೆ ಮಾಡಿದರು, ಅದನ್ನು ನಿಮ್ಮಪ್ಪ ನಿನಗೆ ಹೇಳಿರುವುದಿಲ್ಲ ಎಂದು ನನಗೆ ಖಾತ್ರಿ. ಕೆನ್ನೆಗೆ ವೈರು ಅಂಟಿಸಿ, ಕಿವಿಯ ಕೆಳಗೆ ಸಣ್ಣಗೆ ಕರೆಂಟು ಕೊಟ್ಟರು. ಬಲಗೆನ್ನೆ ಕಪ್ಪೆಯ ಹಾಗೆ ಹಾರಿತು. ಎಡಗೆನ್ನೆಗೆ ಎಷ್ಟು ಕೊಟ್ಟರೂ ಅದು ಹಿಟ್ಟಿನ ಮುದ್ದೆಯ ಹಾಗೆ ಬಿದ್ದಿತ್ತು. ನಾನು ಡಾಕ್ಟರ ಮುಖ ನೋಡಿದೆ, ಡಾಕ್ಟರು ಕಾಗದ ನೋಡಿದರು. ಆ ಪರೀಕ್ಷೆಯಲ್ಲಿ ಚಿತ್ರ ಬರುವುದಿಲ್ಲ, ಒಂದು ಗೆರೆ ಬರುತ್ತದೆ ಅಷ್ಟೆ. ಇವನ ಗೆರೆ ಮೇಜಿನ ಅಂಚಿನಷ್ಟು ನೆಟ್ಟಗಿತ್ತು. ಚಿತ್ರ ಇಲ್ಲದ್ದನ್ನು ನಿಮ್ಮಪ್ಪ ನಂಬುವುದಿಲ್ಲ. ಮಗಳು ಚಿತ್ರ ತೆಗೆಯುವ ಕೆಲಸ ಕಲಿಯಲು ಹೋದ ಮೇಲೆ ಅವನಿಗೆ ಚಿತ್ರವೇ ವೇದವಾಕ್ಯ. ಗೆರೆ ಬಂದ ಕಾಗದವನ್ನು ಮಡಚಿ ಅಲ್ಲಾಡುವ ಮೇಜಿನ ಕಾಲಡಿಗೆ ಇಟ್ಟ. ಮೇಜು ಈಗ ಅಲ್ಲಾಡುವುದಿಲ್ಲ, ಅಷ್ಟು ಉಪಕಾರವಾಗಿದೆ.

ತಿಂಗಳುಗಟ್ಟಲೆ ಕಾದು ಎರಡನೇ ಸಲ ಆ ದೊಡ್ಡ ಮೆಷಿನಿನಲ್ಲಿ ಮಲಗಿಸಿದರಲ್ಲ, ಆ ಚಿತ್ರವನ್ನು ಅವನು ಡಾಕ್ಟರಿಗಿಂತ ಮೊದಲು ನಿನಗೆ ಕಳಿಸಿದ. ನೀನು ತಕ್ಷಣ ಫೋನ್ ಮಾಡಿದೆ. ಅವನು ಎಲ್ಲರಿಗೂ ಕೇಳಲಿ ಎಂದು ಜೋರಾಗಿ ಇಟ್ಟಿದ್ದ. "ಅಪ್ಪಾ, ಕ್ಲೀನ್ ಆಗಿದೆ, ಚಿತ್ರದಲ್ಲಿ ಏನೂ ಇಲ್ಲ, ಒಂದು ಚೂರೂ ಹೊಳೀತಿಲ್ಲ" ಅಂದೆ. ನಿನ್ನ ದನಿಯಲ್ಲಿ ಅಳುವಿತ್ತು, ಖುಷಿಯ ಅಳು. ನಿಮ್ಮಮ್ಮ ಗೋಡೆಗೆ ಒರಗಿ ಕೂತುಬಿಟ್ಟಳು. ಅವತ್ತಿನಿಂದ ನಿಮ್ಮಪ್ಪ ಫೋನಿನಲ್ಲಿ ಆ ಚಿತ್ರ ಇಟ್ಟುಕೊಂಡು ಬೀದಿಗೆಲ್ಲ ತೋರಿಸಿದ. ಹಾಲಿನವನಿಗೆ ತೋರಿಸಿದ, ಕ್ಷೌರದವನಿಗೆ ತೋರಿಸಿದ, ಬಟ್ಟೆ ಇಸ್ತ್ರಿ ಮಾಡುವವಳಿಗೆ ಹಳೆಯದು ಹೊಸದು ಎರಡೂ ಪಕ್ಕಪಕ್ಕ ಇಟ್ಟು ತೋರಿಸಿದ. ಅವಳು ಎರಡನ್ನೂ ನೋಡಿ, ಯಾವುದು ನೀವು ಎಂದು ಕೇಳಿದಳಂತೆ. ಕಿವಿಯ ಡಾಕ್ಟರು ಮಾತ್ರ ಚಿತ್ರವನ್ನು ಬೇಗ ಮುಚ್ಚಿಬಿಟ್ಟರು. "ಉರಿ ಆರಿದೆ ನಿಜ. ಆದ್ರೆ ಆ ಉರಿಯಲ್ಲಿ ನರ ಎಷ್ಟು ಉಳಿದಿದೆ ಅಂತ ಈ ಚಿತ್ರ ಹೇಳಲ್ಲ. ಇಷ್ಟು ತಿಂಗಳಾದ್ರೂ ಒಂದು ಎಳೆ ಅಲುಗಾಡಿಲ್ಲ. ಇನ್ನು ಅಲ್ಪಸ್ವಲ್ಪ ಬಂದ್ರೂ ಊದೋವಷ್ಟು ಬರಲ್ಲ" ಅಂದರು. ಹಾಗೆ ಹೇಳಿದವರು ಬಾಯಿ ಮುಚ್ಚಿಕೊಂಡು ಇರಬೇಕೋ ಬೇಡವೋ, ಇವನ ಮುಖ ನೋಡಿ ಮರುಕ ಹುಟ್ಟಿ, "ನೋಡೋಣ, ವರ್ಷ ತುಂಬಲಿ" ಅಂತಲೂ ಅಂದರು. ಮೊದಲು ಹೇಳಿದ್ದೆಲ್ಲ ಇವನ ಎಡಕಿವಿಗೆ ಹೋಯಿತು, ನೋಡೋಣ ಅಂದದ್ದು ಬಲಕಿವಿಗೆ.

ಮಾರನೇ ವಾರ ಭಟ್ಟಿಗೆ ಹೋದ. ಕಣ್ಣಿಗೆ ಹಾಕುವ ಡ್ರಾಪ್ಸ್ ಮನೆಯಲ್ಲೇ ಬಿಟ್ಟು ಹೋಗಿದ್ದ, ಅದನ್ನು ಕೊಡಲು ನಾನು ಹಿಂದೆ ಹೋದೆ, ಹೋಗಬಾರದಿತ್ತು. ಎಲ್ಲರೂ ಕೆಲಸ ನಿಲ್ಲಿಸಿ ನಿಂತಿದ್ದರು. ಅವನು ಕೊಳವೆಯ ತುದಿಗೆ ಗಾಜು ಸುತ್ತಿಕೊಂಡದ್ದು ನೋಡಬೇಕಿತ್ತು, ಕೈ ಒಂದಿಷ್ಟೂ ಮರೆತಿರಲಿಲ್ಲ. ಬಾಯಿಗಿಟ್ಟು ಊದಿದ. ಪುಸ್. ಎಡಗೆನ್ನೆಯನ್ನು ಬೆರಳಿನಿಂದ ಒತ್ತಿ ಹಿಡಿದು ಊದಿದ. ಬೆರಳು ಕೆನ್ನೆಗೆ ಹೋದರೆ ಕೊಳವೆ ತಿರುಗಿಸುವುದಕ್ಕೆ ಒಂದೇ ಕೈ ಉಳಿಯಿತು. ಗಾಜು ಒಂದು ಕಡೆಗೆ ವಾಲಿತು, ಜೋತುಬಿತ್ತು, ನೆಲಕ್ಕೆ ಇಳಿಯಿತು. ಅವನು ಕೊಳವೆಯ ಬಾಯನ್ನು ಎತ್ತಿ ಕಣ್ಣಿಗೆ ಹಿಡಿದು, "ಒಳಗೆ ಏನೋ ಕಟ್ಟಿಕೊಂಡಿದೆ" ಅಂದ. ಆಮೇಲೆ ಉದ್ದಣ್ಣ, "ಹೂಂ ಕಣಯ್ಯ, ನಿನ್ನೆಯಿಂದ ನನಗೂ ಅದು ಸರಿಯಾಗಿ ಗಾಳಿ ಎಳೀತಿಲ್ಲ" ಅಂದ. ಆ ಕೊಳವೆಯನ್ನು ನಿಮ್ಮಪ್ಪ ಬಿಟ್ಟು ಬೇರೆ ಯಾರೂ ಮುಟ್ಟಿರಲಿಲ್ಲ. ಅಷ್ಟು ಹೊತ್ತೂ ಭಟ್ಟಿಯ ಝಳ ಆ ಮುಚ್ಚದ ಕಣ್ಣಿಗೆ ಬಡಿಯುತ್ತಿತ್ತು. ಬೇರೆಯವರೆಲ್ಲ ಕಣ್ಣು ಕಿರಿದು ಮಾಡಿ ನಿಂತಿದ್ದರು, ಅವನ ಎಡಗಣ್ಣು ಮಾತ್ರ ಗೊಂಬೆಯ ಕಣ್ಣಿನ ಹಾಗೆ ತೆರೆದೇ ಇತ್ತು.

ಯಜಮಾನರು ಕೆಟ್ಟವರಲ್ಲ. ಸಾಮಾನು ತಪಾಸಣೆಯ ಮೇಜಿಗೆ ಬಾ, ಗುಳ್ಳೆ ಬಿರುಕು ನೋಡಿ ಬೇರೆ ಮಾಡು, ನಿನ್ನಷ್ಟು ತಿಳಿದವರು ಯಾರಿದ್ದಾರೆ ಎಂದು ಕರೆದರು. ಅದು ಉಸಿರು ಸೋತ ಮುದುಕರು ಮಾಡುವ ಕೆಲಸ, ನನ್ನ ಚಿತ್ರ ಕ್ಲೀನ್ ಇದೆ ಎಂದು ಹೇಳಿ ಮನೆಗೆ ಬಂದ. ಸುಮ್ಮನಿದ್ದರೆ ಸಾಕಿತ್ತು. ವಾರಕ್ಕೆ ಎರಡು ಸಲವಾದರೂ ಭಟ್ಟಿಯ ಮುಂದೆ ಹೋಗಿ ನಿಲ್ಲುತ್ತಾನೆ, ಮೈ ಬಿಸಿಗೆ ಒಗ್ಗಿರಲಿ ಎಂದು. ಮನೆಯಲ್ಲಿ ಬಚ್ಚಲ ಬಾಗಿಲು ಹಾಕಿಕೊಂಡು ಬಲೂನು ಊದುತ್ತಾನೆ. ನಮಗೆ ಕೇಳುವುದಿಲ್ಲ ಅಂದುಕೊಂಡಿದ್ದಾನೆ, ಅವನಿಗೆ ಕೇಳುವುದಿಲ್ಲ ಎಂದು ಎಲ್ಲರಿಗೂ ಕೇಳುವುದಿಲ್ಲವೇ. ಬಲೂನು ತುಂಬುವುದಿಲ್ಲ, ಪುಸ್ ಪುಸ್ ಎನ್ನುತ್ತಿರುತ್ತದೆ. ನಿಮ್ಮಮ್ಮ ಆ ಹೊತ್ತಿಗೆ ಸರಿಯಾಗಿ ಪಾತ್ರೆ ತಿಕ್ಕಲು ಕೂರುತ್ತಾಳೆ, ತೊಳೆದ ಪಾತ್ರೆಯನ್ನೇ ಮತ್ತೆ ತಿಕ್ಕುತ್ತಾಳೆ.

ಈಗ ಆ ಕಣ್ಣಿಗೆ ಬಂದಿದೆ. ಕೆಂಪು ಮೊದಲಿನಿಂದ ಇತ್ತು, ಈಗ ಕರಿಗುಡ್ಡೆಯ ಮೇಲೆ ಸಾಸಿವೆಯಷ್ಟು ಬಿಳಿ ಮಚ್ಚೆ ಎದ್ದಿದೆ. ಕಣ್ಣಿನ ಡಾಕ್ಟರಮ್ಮ ನೋಡಿದರು. ಅವರಿಗೆ ಸುತ್ತಿ ಬಳಸಿ ಮಾತಾಡುವುದು ಬರುವುದಿಲ್ಲ, ನನಗೆ ಹಿಡಿಸಿದರು. "ರೆಪ್ಪೆಯ ಹೊರಗಿನ ಅರ್ಧ ಹೊಲಿದುಬಿಡ್ತೀನಿ, ಕಣ್ಣು ಒಣಗೋದು ನಿಲ್ಲುತ್ತೆ, ಇರೋ ದೃಷ್ಟಿ ಉಳಿಯುತ್ತೆ. ಭಟ್ಟಿ ಕಡೆ ಮಾತ್ರ ಇನ್ನು ತಲೆ ಹಾಕೋ ಹಾಗಿಲ್ಲ. ಹೊಲಿಯದೆ ಹೀಗೇ ಬಿಟ್ರೆ ಮಚ್ಚೆ ಹರಡಿ ಕಣ್ಣೇ ಹೋಗುತ್ತೆ" ಅಂದರು. ಅರ್ಧ ಮುಚ್ಚಿದ ಕಣ್ಣಿಟ್ಟುಕೊಂಡು ಗಾಜಿನ ದುಂಡು ಹೇಗೆ ನೋಡಲಿ, ವರ್ಷ ತುಂಬಲಿ, ಬಾಯಿ ಬರುವಾಗ ರೆಪ್ಪೆಯೂ ಬರುತ್ತದೆ ಅಂದ. ಅಲ್ಲೂ ಫೋನು ತೆಗೆದು ಚಿತ್ರ ತೋರಿಸಿದ. ಇದು ಕಿವಿಯದು, ನಾನು ಕೇಳುತ್ತಿರುವುದು ಕಣ್ಣಿನದು ಎಂದು ಅವರು ಗದರಿದರು. ನಾನು ಮನೆಗೆ ಬಂದು ಬೈದೆ, ಬಾಯಿ ನೋಯುವಷ್ಟು ಬೈದೆ. "ನಿನಗೇನಮ್ಮ ಗೊತ್ತು, ನಾಲ್ಕನೇ ಕ್ಲಾಸಿನ ಡಾಕ್ಟರು ನೀನು" ಅಂದ. ನಿಮ್ಮಮ್ಮನಿಗೆ ಹೇಳು ಅಂದರೆ, ನನ್ನ ಬಾಯಿಂದ ಬರುವುದಿಲ್ಲ ಅತ್ತೆ ಅನ್ನುತ್ತಾಳೆ. ಉದ್ದಣ್ಣನಿಗೆ ಹೇಳು ಅಂದೆ. ಅವನು ಬಾಗಿಲವರೆಗೆ ಬಂದು, ತಲೆ ತಗಲಿಸಿಕೊಂಡು, ಒಳಗೆ ಕೂತು ಬೇರೆ ಏನೇನೋ ಮಾತಾಡಿ ಎದ್ದುಹೋದ.

ಮನೆಯ ಸಮಾಚಾರ ಇಷ್ಟೇ. ಹೊತ್ತಿಗೆ ಸರಿಯಾಗಿ ಉಣ್ಣು, ರಾತ್ರಿ ಪಾಳಿ ಇದ್ದರೆ ಹಗಲು ಮಲಗು, ಜೊತೆಯ ಹುಡುಗಿಯರ ಹತ್ತಿರ ಜಗಳ ಆಡಿದರೂ ಮಾತು ಬಿಡಬೇಡ. ಪರೀಕ್ಷೆಗೆ ಓದುತ್ತಿದ್ದೀಯ ಎಂದು ಗೊತ್ತು, ಪಾಸಾಗುತ್ತೀಯ ಎಂದೂ ಗೊತ್ತು, ಆದರೂ ಓದು. ನಿಮ್ಮಮ್ಮ ನಿನ್ನನ್ನು ಕೇಳಿದ್ದಾಳೆ. ನಿನ್ನ ಕೈಯಲ್ಲಿ ಚಿತ್ರ ತೆಗೆಸಿಕೊಳ್ಳಲು ಮಲಗುವವರೆಲ್ಲ ಎದ್ದು ನಡೆದು ಮನೆಗೆ ಹೋಗಲಿ ಎಂದು ಹಾರೈಸುತ್ತೇನೆ. ನೀನು ನೂರು ಕಾಲ ಸುಖವಾಗಿರು.

ಇಂತಿ,
ನಿನ್ನ ಅಜ್ಜಿ

ತಾ.ಕ.: ಅಂಚೆಗೆ ಹಾಕಲು ಉದ್ದಣ್ಣ ಬಂದು ನಿಂತಿದ್ದಾನೆ, ಬೇಗ ಬರೆಯುತ್ತೇನೆ, ಅಕ್ಷರ ಬಿಟ್ಟಿದ್ದರೆ ಸೇರಿಸಿಕೊಂಡು ಓದು. ಬರುವ ಶುಕ್ರವಾರ ಕಣ್ಣಿನ ಡಾಕ್ಟರಮ್ಮ ಮತ್ತೆ ಬರಹೇಳಿದ್ದಾರೆ. ಆಮೇಲೆ ಹೊಲಿದೂ ಪ್ರಯೋಜನವಿಲ್ಲ ಅಂದಿದ್ದಾರೆ. ಅದಕ್ಕೆ ಮೊದಲು ನೀನು ಫೋನ್ ಮಾಡು. ನಾನು ಬರೆದೆ ಅನ್ನಬೇಡ. ಮುಖ ತಿರುಗಿಸಿ ನನ್ನ ಕಡೆ ನೋಡಪ್ಪ ಅನ್ನು, ನೋಡುವವರೆಗೆ ಬಿಡಬೇಡ. ಆಮೇಲೆ ಹೇಳು. ಚಿತ್ರ ಕ್ಲೀನ್ ಇದೆ, ಆದರೆ ನರ ಸತ್ತಿದೆ, ಇನ್ನು ನೀನು ಊದುವುದಿಲ್ಲ, ರೆಪ್ಪೆ ಹೊಲಿಸಿಕೋ ಎಂದು ಇಷ್ಟೇ ಮಾತಿನಲ್ಲಿ ಹೇಳು. ನೀನು ಅವತ್ತು ಹೇಳಿದ್ದು ಸುಳ್ಳಲ್ಲ ಮಗಾ, ಚಿತ್ರದಲ್ಲಿ ಕಂಡದ್ದನ್ನು ಹೇಳಿದೆ. ಆದರೆ ಅವನು ಇಷ್ಟು ದಿನ ನಿಂತಿರುವುದು ಆ ಒಂದು ಮಾತಿನ ಮೇಲೆ, ಅದನ್ನು ಕೀಳುವುದು ನಿನ್ನ ಕೈಯಲ್ಲಿ ಮಾತ್ರ ಆಗುತ್ತದೆ, ಬೇರೆ ಯಾರು ಹೇಳಿದರೂ ಕೇಳುವುದಿಲ್ಲ. ಅವನು ಸುಮ್ಮನಾಗುತ್ತಾನೆ. ಆಗ ಸಮಾಧಾನ ಹೇಳಲು ಮಾತ್ರ ಹೋಗಬೇಡ. ಮುಂದೆ ಏನಾದರೂ ಹೊಸ ಔಷಧಿ ಬರಬಹುದು, ನೋಡೋಣ, ಅಂತ ಅರ್ಧ ಮಾತು ಬಾಯಿಂದ ಜಾರಿದರೂ ಸಾಕು, ಅದನ್ನು ಹಿಡಿದುಕೊಂಡು ಮಾರನೇ ದಿನ ಹೋಗಿ ಭಟ್ಟಿಯ ಮುಂದೆ ನಿಂತುಬಿಡುತ್ತಾನೆ.